ವಿದ್ಯುತ್ ಪ್ರೆಷರ್ ಕುಕ್ಕರ್ ಮನೆಗೆ ಬೇಕೇ? ಕುಚ್ಚಲಕ್ಕಿ ಉಣ್ಣುವವರಾದರೆ ಬೇಕು

ನೀವು ಕೇಳಿದ್ದು ಇಷ್ಟು: ಮುಂಬೈ ಪಕ್ಕದ ಠಾಣೆ ನಗರದಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋಗುವ ಮನೆ, ಒಂದು ಮಗು, ಊರಿನಿಂದ ಬಂದು ಜೊತೆಗಿರುವ ಅತ್ತೆ. ಕುಚ್ಚಲಕ್ಕಿ ಬೇಯಿಸಲು ಬೆಳಗಿನ ಹೊತ್ತು ಸಾಲದೆ ಒಂದು ವರ್ಷದಿಂದ ಬೆಳ್ತಿಗೆ (ಬಿಳಿ ಅಕ್ಕಿ) ಅನ್ನವನ್ನೇ ಉಣ್ಣುತ್ತಿದ್ದೀರಿ. ಎಂಟು ಸಾವಿರ ಕೊಟ್ಟು ವಿದ್ಯುತ್ ಪ್ರೆಷರ್ ಕುಕ್ಕರ್ ತಂದರೆ ಉಪಯೋಗವಾದೀತೇ, ಅಥವಾ ಅದೂ ಅಟ್ಟ ಸೇರುವ ಸಾಮಾನೇ?

ನಾನು ಮುಂಬೈಯ ಮುಲುಂಡಿನಲ್ಲಿದ್ದೇನೆ, ಊರು ಕುಂದಾಪುರದ ಕಡೆ. ಆರು ವರ್ಷಗಳಿಂದ ವಾರದಲ್ಲಿ ನಾಲ್ಕೈದು ದಿನ ಇದನ್ನು ಬಳಸುತ್ತಿದ್ದೇನೆ. ನಿಮ್ಮ ಮನೆಗೆ ಬೇಕು ಎಂದೇ ಹೇಳುತ್ತೇನೆ, ಆದರೆ ಅಂಗಡಿಯವರು ಹೇಳುವ ಕಾರಣಕ್ಕಲ್ಲ.

ಅವರು ‘ಬೇಗ ಬೇಯುತ್ತದೆ’ ಎಂದು ಮಾರುತ್ತಾರೆ. ಆ ಮಾತು ನಂಬಿ ಕೊಂಡವರ ಕುಕ್ಕರೇ ಅಟ್ಟ ಸೇರುವುದು. ನಮ್ಮ ಒಲೆಯ ಕುಕ್ಕರ್ ಕೂಗುವಾಗ ಒಳಗಿನ ಒತ್ತಡ ಚದರ ಇಂಚಿಗೆ ಸುಮಾರು 15 ಪೌಂಡ್, ಶಾಖ 120 ಡಿಗ್ರಿ ಸೆಲ್ಸಿಯಸ್ ಆಸುಪಾಸು. ವಿದ್ಯುತ್ ಕುಕ್ಕರುಗಳಲ್ಲಿ ಹೆಚ್ಚಿನವು 10ರಿಂದ 12 ಪೌಂಡಿನಲ್ಲಿ ನಿಲ್ಲುತ್ತವೆ, ಶಾಖವೂ ನಾಲ್ಕೈದು ಡಿಗ್ರಿ ಕಡಿಮೆ. ಅದರ ಮೇಲೆ ಸಮಯದ ಲೆಕ್ಕವೇ ಬೇರೆ. ನೀವು 10 ನಿಮಿಷ ಎಂದು ಒತ್ತಿದರೆ ಅದು ಒತ್ತಡ ಕೂಡಿದ ಮೇಲಿನ 10 ನಿಮಿಷ. ಒತ್ತಡ ಕೂಡುವುದಕ್ಕೆ ಹತ್ತು ಹದಿನೈದು ನಿಮಿಷ, ತಾನಾಗಿ ಇಳಿಯುವುದಕ್ಕೆ ಇನ್ನೂ ಹದಿನೈದು. ಒಂದು ಲೋಟ ತೊಗರಿಬೇಳೆ ಗ್ಯಾಸಿನ ಮೇಲೆ ಮೂರು ಕೂಗಿಗೆ ಆಗುತ್ತದೆ, ಇದರಲ್ಲಿ ಮುಕ್ಕಾಲು ಗಂಟೆಯ ಹತ್ತಿರ ಹೋಗುತ್ತದೆ. ಬೆಳ್ತಿಗೆ ಅನ್ನ, ತೊಗರಿಬೇಳೆ, ಒಂದು ಪಲ್ಯ, ಇಷ್ಟೇ ನಿಮ್ಮ ಅಡುಗೆಯಾಗಿದ್ದರೆ ಮೂರು ಲೀಟರಿನ ಹಳೆಯ ಕುಕ್ಕರನ್ನು ಮೀರಿಸುವುದು ಯಾವುದೂ ಇಲ್ಲ. ಆ ಹಣವನ್ನು ಒಳ್ಳೆಯ ಮಿಕ್ಸಿಗೆ ಹಾಕಿ ಎನ್ನುತ್ತಿದ್ದೆ.

ವಿದ್ಯುತ್ ಕುಕ್ಕರ್ ಉಳಿಸುವುದು ಹೊತ್ತನ್ನಲ್ಲ, ಕಾವಲನ್ನು. ಕೂಗು ಎಣಿಸುವುದು, ಉರಿ ತಗ್ಗಿಸುವುದು, ಸ್ನಾನಕ್ಕೆ ಹೋಗುವ ಮುಂಚೆ ಯಾರಿಗಾದರೂ ‘ಎರಡು ಕೂಗಿದ ಮೇಲೆ ಆರಿಸು’ ಎಂದು ಹೇಳಿ ಹೋಗುವುದು, ಎಲ್ಲವೂ ನಿಂತುಹೋಗುತ್ತವೆ. ನಮ್ಮ ಮನೆಗೆ ಅದು ಬಂದದ್ದೂ ಆ ಕಾರಣಕ್ಕೇ.

ಅಮ್ಮನಿಗೆ ಆಗ 74. ಕಿವಿ ಮಂದವಾಗುತ್ತಾ ಬಂದಿದ್ದನ್ನು ನಾವು ಯಾರೂ ಸರಿಯಾಗಿ ಗಮನಿಸಿರಲಿಲ್ಲ. ಒಂದು ಮಧ್ಯಾಹ್ನ ಹುರುಳಿ ಬೇಯಲಿಟ್ಟು ಒಳಗೆ ಹೋದವರಿಗೆ ಒಂದು ಕೂಗೂ ಕೇಳಿಸಲಿಲ್ಲ. ನೀರೆಲ್ಲ ಆರಿ, ಸೇಫ್ಟಿ ವಾಲ್ವ್ ಕರಗಿ, ಹುರುಳಿ ತಳ ಹಿಡಿದು ಕರಟಿತ್ತು. ಎದುರು ಮನೆಯ ಮರಾಠಿ ಕಾಕೂ ವಾಸನೆ ಹಿಡಿದು ಓಡಿ ಬಂದು ಗ್ಯಾಸ್ ಆರಿಸಿದರು. ಆ ದಿನದಿಂದ ಅಮ್ಮ ಒಲೆ ಹಚ್ಚುವುದನ್ನೇ ಬಿಟ್ಟರು. ಐವತ್ತು ವರ್ಷ ಇಡೀ ಮನೆಗೆ ಬೇಯಿಸಿ ಹಾಕಿದವರು ಹಸಿವಾದರೂ ನಾನು ಬರುವವರೆಗೆ ಕಾದು ಕೂರುವುದನ್ನು ನೋಡಲಾಗಲಿಲ್ಲ.

ಹೊಸ ಕುಕ್ಕರ್ ಬಂದಾಗ ಅದರ ಮೇಲೆ ಹದಿನಾಲ್ಕು ಗುಂಡಿಗಳು, ಎಲ್ಲದರ ಮೇಲೂ ಇಂಗ್ಲಿಷ್. ಅಮ್ಮ ತಮ್ಮ ಹಣೆಯ ಬೊಟ್ಟಿನ ಚೀಟಿ ತಂದು ಬೇಕಾದ ಒಂದೇ ಗುಂಡಿಯ ಪಕ್ಕ ಕೆಂಪು ಬೊಟ್ಟು ಅಂಟಿಸಿದರು, ನಿಲ್ಲಿಸುವ ಗುಂಡಿಗೆ ಹಸಿರು. ಮುಚ್ಚಳದ ಮೇಲೆ ಮೊಳೆಯಂಥ ಒಂದು ಸಣ್ಣ ಲೋಹದ ಕಡ್ಡಿ ಇರುತ್ತದೆ. ಒತ್ತಡ ಇದ್ದಾಗ ಮೇಲೆದ್ದು ನಿಂತಿರುತ್ತದೆ, ಇಳಿದಾಗ ಕೆಳಗೆ ಬೀಳುತ್ತದೆ. ಕಿವಿಯ ಕೆಲಸವನ್ನು ಕಣ್ಣಿಗೆ ಒಪ್ಪಿಸಿದ ಹಾಗಾಯಿತು. ‘ಕಡ್ಡಿ ಮಲಗಿತು’ ಎಂದು ಅಮ್ಮ ಈಗಲೂ ಒಳಗಿನಿಂದ ಕೂಗಿ ಹೇಳುತ್ತಾರೆ.

ಇನ್ನು ನಿಮ್ಮ ಕುಚ್ಚಲಕ್ಕಿ. ಇದನ್ನು ಒಲೆಯ ಕುಕ್ಕರಿನಲ್ಲಿಟ್ಟರೆ ಗಂಜಿನೀರು ನೊರೆಗಟ್ಟಿ ಕೂಗಿನೊಡನೆ ಚಿಮ್ಮಿ ಗೋಡೆಯೆಲ್ಲ ಅಂಟಾಗುತ್ತದೆ, ಪಾತ್ರೆಯಲ್ಲಿಟ್ಟರೆ ಮುಕ್ಕಾಲು ಗಂಟೆಗೂ ಹೆಚ್ಚು ಉರಿ. ನಾನು ಮಾಡುವುದು ಹೀಗೆ. ರಾತ್ರಿ ಎರಡು ಲೋಟ ಅಕ್ಕಿಯನ್ನು ಮೂರು ನೀರಿನಲ್ಲಿ ತೊಳೆದು, ಎಂಟು ಲೋಟ ನೀರು ಹಾಕಿ, ಬೆಳಗಿನ ಜಾವ ನಾಲ್ಕೂ ಮುಕ್ಕಾಲಿಗೆ ಶುರುವಾಗುವಂತೆ ಇಟ್ಟು ಮಲಗುತ್ತೇನೆ. ಮಾಟುಂಗಾ ಮಾರುಕಟ್ಟೆಯಿಂದ ತರುವ ಅಕ್ಕಿಗೆ, ರಾತ್ರಿಯಿಡೀ ನೆನೆದಿರುವುದರಿಂದ, 18 ನಿಮಿಷ ಸಾಕು. ನಾನು ಏಳುವ ಹೊತ್ತಿಗೆ ಕಡ್ಡಿ ಮಲಗಿರುತ್ತದೆ. ಮುಚ್ಚಳ ತೆಗೆದರೆ ಆ ಮಣ್ಣುವಾಸನೆ ಬೆರೆತ ಘಮ, ಅಗುಳು ಹೊಟ್ಟೆ ಒಡೆದು ಅರಳಿರುತ್ತದೆ, ಮೇಲೆ ದಪ್ಪನೆಯ ತೆಳಿ, ಅಂದರೆ ಗಂಜಿನೀರು. ಬಸಿದು ಅನ್ನ ಡಬ್ಬಿಗೆ, ತೆಳಿಗೆ ಉಪ್ಪು ಹಾಕಿ ಅಮ್ಮನಿಗೆ. ಮುಂಬೈಗೆ ಬಂದು ಹತ್ತಾರು ವರ್ಷ ನಾನೂ ನಿಮ್ಮಂತೆಯೇ ಬೆಳ್ತಿಗೆಗೆ ಹೊಂದಿಕೊಂಡಿದ್ದೆ. ಎಂಟು ಸಾವಿರದ ಲೆಕ್ಕವನ್ನು ನಾನು ಈ ಒಂದು ತಟ್ಟೆ ಅನ್ನದ ಮೇಲೇ ಹಾಕುವುದು.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಅಕ್ಕಿ ಕಾಳುಗಳು ಉಬ್ಬಿ ನೊರೆ ಬರಿಸುವುದರಿಂದ ನೀರೂ ಸೇರಿ ಪಾತ್ರೆಯ ಅರ್ಧ ದಾಟಕೂಡದು. ಎರಡು ಲೋಟಕ್ಕೇ ಆರು ಲೀಟರಿನದು ಬೇಕಾಗುವುದು ಅದಕ್ಕೇ. ಆತುರಪಟ್ಟು ಆವಿ ಬಿಡುವ ಗುಂಡಿ ತಿರುಗಿಸಿದರೆ ತೆಳಿಯೂ ಹೊರಗೆ ಚಿಮ್ಮುತ್ತದೆ. ತಾನಾಗಿ ಇಳಿಯಲಿ.

ಹುರುಳಿ, ಕಡಲೆ, ಒಣ ಅಲಸಂಡೆ ಎಲ್ಲವೂ ಇದರಲ್ಲಿ ಹದವಾಗಿ ಬೇಯುತ್ತವೆ, ಮಟನ್ ಕೂಡ. ಆದರೆ ಮೇ ತಿಂಗಳ ಸೆಕೆಯಲ್ಲಿ ನೆನೆಸಿದ ಕಾಳನ್ನು ರಾತ್ರಿಯಿಡೀ ಒಳಗೆ ಬಿಡಬೇಡಿ, ಹುಳಿವಾಸನೆ ಬರುತ್ತದೆ. ರಾಜ್ಮಾವನ್ನು ಕೆಲವು ಕುಕ್ಕರುಗಳಲ್ಲಿರುವ ನಿಧಾನ ಬೇಯಿಸುವ ಗುಂಡಿಯಲ್ಲಿ ಎಂದೂ ಇಡಬೇಡಿ. ಅದರಲ್ಲಿರುವ ಲೆಕ್ಟಿನ್ ಎಂಬ ಅಂಶ ಚೆನ್ನಾಗಿ ಕುದಿಯದಿದ್ದರೆ ವಾಂತಿ ಭೇದಿ ತರುತ್ತದೆ. ಒತ್ತಡದಲ್ಲಿ ಬೇಯಿಸಿದರೆ ಆ ಭಯವಿಲ್ಲ. ಗಸಿಗೆ ಅರೆದ ತೆಂಗಿನಕಾಯಿ ಮಸಾಲೆಯನ್ನು ಮೊದಲೇ ಹಾಕಿದರೆ ತಳ ಹಿಡಿದು ಯಂತ್ರ ನಿಂತುಬಿಡುತ್ತದೆ. ಕಾಳು ಬೆಂದ ಮೇಲೆ, ಮುಚ್ಚಳ ತೆಗೆದು, ಮಸಾಲೆ ಸೇರಿಸಿ ಕುದಿಸಿ. ಆವಿ ಹೊರಹೋಗದ ಕಾರಣ ನೀರು ಇಂಗುವುದಿಲ್ಲ. ಒಲೆಗೆ ಹಾಕುವುದಕ್ಕಿಂತ ಸ್ವಲ್ಪ ಕಡಿಮೆಯೇ ಹಾಕಬೇಕು, ಇಲ್ಲದಿದ್ದರೆ ಸಾರು ಸಪ್ಪೆ. ಒಗ್ಗರಣೆ ಅದರಲ್ಲೇ ಮಾಡಬಹುದು ಎನ್ನುತ್ತಾರೆ, ನನಗೆ ಹಿಡಿಸಲಿಲ್ಲ, ಒಗ್ಗರಣೆಗೆ ಸೌಟು ಮತ್ತು ಉರಿಯೇ ಸರಿ.

ವಿದ್ಯುತ್ ಬಿಲ್ಲಿನ ಭಯ ಬೇಡ. ಆರು ಲೀಟರಿನದು ಸಾಮಾನ್ಯವಾಗಿ 1000 ವಾಟ್. ಎಡೆಬಿಡದೆ ಒಂದು ಗಂಟೆ ಉರಿದರೆ ಒಂದು ಯೂನಿಟ್. ಒತ್ತಡ ಕೂಡಿದ ಮೇಲೆ ಆಗಾಗ ಮಾತ್ರ ಕಾಯುವುದರಿಂದ ಒಂದು ಅಡುಗೆಗೆ ಅರ್ಧ ಯೂನಿಟ್ ದಾಟುವುದು ಕಷ್ಟ. ನೇರವಾಗಿ ಗೋಡೆಯ ಸಾಕೆಟ್ಟಿಗೇ ಹಾಕಿ, ಹಳೆಯ ಕಟ್ಟಡವಾದರೆ ಎಕ್ಸ್‌ಟೆನ್ಶನ್ ಬೇಡವೇ ಬೇಡ. ಅಡುಗೆಕಟ್ಟೆಯ ಮೇಲೆ ಒಂದಡಿ ಜಾಗ ಕಾಯಂ ಬಿಡಬೇಕಾಗುತ್ತದೆ, ನಮ್ಮ ಮುಂಬೈ ಕಡೆಯ ಮನೆಗಳಿಗೆ ಇದು ಸಣ್ಣ ಮಾತಲ್ಲ. ಮೇಲೆ ಪ್ಲೈವುಡ್ ಕಪಾಟು ಇದ್ದರೆ ಆವಿ ಬಿಡುವಾಗ ಕುಕ್ಕರನ್ನು ಮುಂದಕ್ಕೆ ಎಳೆದುಕೊಳ್ಳಿ, ನಮ್ಮ ಕಪಾಟಿನ ತಳ ಊದಿಕೊಂಡು ಸಿಪ್ಪೆ ಎದ್ದಿದೆ. ಮನೆಗೆಲಸದವರಿಗೆ ಮೊದಲ ದಿನವೇ ತೋರಿಸಿಕೊಡಿ: ಒಳಗಿನ ಪಾತ್ರೆ ಮತ್ತು ಮುಚ್ಚಳ ಮಾತ್ರ ತೊಳೆಯುವುದು, ಹೊರಗಿನ ಭಾಗಕ್ಕೆ ಒದ್ದೆ ಬಟ್ಟೆಯಷ್ಟೇ.

ಕೊಳ್ಳುವಾಗ ಒಳಪಾತ್ರೆ ಸ್ಟೀಲಿನದೇ ನೋಡಿ. ಮುಚ್ಚಳದ ಸಿಲಿಕೋನ್ ಉಂಗುರವನ್ನು ಅದೇ ದಿನ ಎರಡು ಹೆಚ್ಚಿಗೆ ತನ್ನಿ. ನನ್ನ ಮೊದಲನೆಯದರ ಉಂಗುರ ಎರಡು ವರ್ಷಕ್ಕೆ ಸಡಿಲವಾದಾಗ ಆ ಮಾದರಿಯೇ ನಿಂತುಹೋಗಿತ್ತು, ಚೆನ್ನಾಗಿದ್ದ ಕುಕ್ಕರನ್ನು ಗುಜರಿಯವನಿಗೆ ಕೊಡಬೇಕಾಯಿತು. ಉಂಗುರ ಮಸಾಲೆಯ ವಾಸನೆ ಹೀರುತ್ತದೆ, ಆದ್ದರಿಂದ ಅನ್ನ ಪಾಯಸಕ್ಕೆ ಒಂದು, ಸಾರು ಗಸಿಗೆ ಇನ್ನೊಂದು. ಒಲೆಯ ಕುಕ್ಕರನ್ನು ಮಾತ್ರ ಯಾರಿಗೂ ಕೊಟ್ಟುಬಿಡಬೇಡಿ, ಬೇಳೆಗೆ ಅದೇ ಬೇಕು.

ಮೊದಲ ಸಲ ರವಿವಾರ ಮಾಡಿ, ಒಂದೇ ಲೋಟ ಅಕ್ಕಿ ಹಾಕಿ. ಮುಚ್ಚಳ ತೆಗೆದಾಗ ಅತ್ತೆಯವರನ್ನು ಕರೆದು ಅಗುಳು ಹಿಚುಕಿ ನೋಡಲು ಹೇಳಿ. ಇನ್ನೂ ಎರಡು ನಿಮಿಷ ಬೇಕೋ, ಹೆಚ್ಚಾಯಿತೋ, ಅವರ ಬೆರಳಿಗೆ ತಿಳಿಯುತ್ತದೆ. ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಕುಕ್ಕರಿನ ಬದಿಗೆ ಅಂಟಿಸಿಬಿಡಿ.