ಲೋಹದ ಬಾಡಿಯೇ ಆನೋಡ್ ಆಗಿರುವ ಲೇಸರ್ ಡಯೋಡ್‌ಗೆ ನೆಗೆಟಿವ್ ಸಪ್ಲೈ ಕೊಡೋದು ಹೇಗೆ

ನಿಮ್ಮ 650 ನ್ಯಾನೋಮೀಟರ್ ಕೆಂಪು ಡಯೋಡ್‌ನ ಬಾಡಿ ಆನೋಡ್‌ಗೆ (ಪ್ಲಸ್ ಕಾಲಿಗೆ) ಸೇರಿದೆ, ಹೀಟ್‌ಸಿಂಕ್ ಚಾಸಿಯ ಗ್ರೌಂಡ್‌ಗೆ ಬೋಲ್ಟ್ ಆಗಿದೆ, ನೆಗೆಟಿವ್ ಕೊಟ್ಟರೆ ಸುಟ್ಟುಹೋಗುತ್ತಾ ಅಂತ ಕೇಳಿದ್ದೀರಿ. ಹೋಗಲ್ಲ. ಕ್ಯಾಥೋಡ್‌ಗಿಂತ (ಮೈನಸ್ ಕಾಲಿಗಿಂತ) ಆನೋಡ್ ಸುಮಾರು 2.2 ವೋಲ್ಟ್ ಮೇಲಿದ್ದರೆ ಸಾಕು, ಗ್ರೌಂಡ್ ಎಲ್ಲಿದ್ದರೂ ಡಯೋಡ್‌ಗೆ ಒಂದೇ. ಆನೋಡ್ ಸೊನ್ನೆಯಲ್ಲಿರಲಿ, ಕ್ಯಾಥೋಡನ್ನು ಕೆಳಕ್ಕೆ ಎಳೆಯಿರಿ. ಕರೆಂಟ್ ಹರಿಯಲು ಬಿಡದ ಮೈಕಾ ಹಾಳೆ ಹಾಕಿ ಬಾಡಿಯನ್ನು ಬೇರೆ ಮಾಡಬಹುದು ನಿಜ, ಆದರೆ ಶಾಖ ಸರಿಯಾಗಿ ಇಳಿಯಲ್ಲ, ಲೇಸರ್‌ಗೆ ಅದು ಒಳ್ಳೆಯದಲ್ಲ.

ಇದಕ್ಕೆ ಬೇರೆ ನೆಗೆಟಿವ್ ಸಪ್ಲೈ ಕೊಳ್ಳಬೇಕಿಲ್ಲ. ಒಂದು 9 ವೋಲ್ಟ್ ಅಡಾಪ್ಟರ್‌ನ ಪ್ಲಸ್ ಅನ್ನು ಚಾಸಿಗೆ ಹಾಕಿ, ಮೈನಸ್ ತಂತಿಯೇ ನಿಮ್ಮ −9 ವೋಲ್ಟ್. ಮೊದಲು ಮಲ್ಟಿಮೀಟರ್‌ನಲ್ಲಿ ಆ ಮೈನಸ್‌ಗೂ ಅರ್ಥ್ ಪಿನ್‌ಗೂ ಕಂಟಿನ್ಯೂಯಿಟಿ ಇಲ್ಲ ಅಂತ ನೋಡಿಕೊಳ್ಳಿ, ಇದ್ದರೆ ನೇರ ಶಾರ್ಟ್. ಆರ್ಡುಯಿನೊ ಓಡಿಸುವ ಅಡಾಪ್ಟರನ್ನೇ ಇದಕ್ಕೂ ಬಳಸಬೇಡಿ, ಅದರ ಮೈನಸ್ ಆಗಲೇ ಗ್ರೌಂಡ್ ಆಗಿರುತ್ತೆ, ಅಲ್ವಾ. ಆರ್ಡುಯಿನೊದಿಂದ ಆನ್-ಆಫ್ ಬೇಕಿದ್ದರೆ ಮಧ್ಯೆ ಒಂದು ಆಪ್ಟೊಕಪ್ಲರ್ (ತಂತಿ ಸೇರಿಸದೆ ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಬಿಡಿಭಾಗ) ಹಾಕಿ.

ಕರೆಂಟ್ ಕಟ್ಟಿಹಾಕೋಕೆ ಎಲ್‌ಎಂ337 ಅನ್ನೋ ನೆಗೆಟಿವ್ ರೆಗ್ಯುಲೇಟರ್ ಐಸಿ ಸಾಕು, ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸುಲಭವಾಗಿ ಸಿಗುತ್ತೆ. ಇನ್‌ಪುಟ್ ಪಿನ್ −9ಕ್ಕೆ, ಔಟ್‌ಪುಟ್‌ಗೂ ಅಡ್ಜಸ್ಟ್‌ಗೂ ನಡುವೆ ರೆಸಿಸ್ಟರ್, ಅಡ್ಜಸ್ಟ್ ಪಿನ್‌ನಿಂದ ಡಯೋಡ್‌ನ ಕ್ಯಾಥೋಡ್‌ಗೆ. ಕರೆಂಟ್ ಅಂದರೆ 1.25 ಭಾಗಿಸು ರೆಸಿಸ್ಟರ್, ಹಾಗಾಗಿ 47 ಓಮ್‌ಗೆ ಸುಮಾರು 27 ಮಿಲಿಆಂಪ್, 39ಕ್ಕೆ 32. ಡೇಟಾಶೀಟ್ 35 ಅಂದಿದ್ದರೆ 47ರಿಂದ ಶುರು ಮಾಡಿ. ಔಟ್‌ಪುಟ್‌ನಿಂದ ಗ್ರೌಂಡ್‌ಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೇಕೇ ಬೇಕು, ಇಲ್ಲದಿದ್ದರೆ ಐಸಿ ಆಸಿಲೇಟ್ ಆಗುತ್ತೆ, ಅಂದರೆ ಔಟ್‌ಪುಟ್ ನಿಲ್ಲದೆ ಏರಿಳಿಯುತ್ತೆ. ಅದರ ಪ್ಲಸ್ ಕಾಲು ಗ್ರೌಂಡ್ ಕಡೆ, ಮರೀಬೇಡಿ.

ತುಂಬಾ ಜನ ಎಡವೋದು ಐಸಿಯಲ್ಲೇ. ಇದರ ಪಾಸಿಟಿವ್ ಜೋಡಿ ಎಲ್‌ಎಂ317ರ ಮಧ್ಯದ ಕಾಲು ಔಟ್‌ಪುಟ್, 337ರ ಮಧ್ಯದ ಕಾಲು ಇನ್‌ಪುಟ್. ಅದರ ಲೋಹದ ಟ್ಯಾಬ್ ಕೂಡ ಇನ್‌ಪುಟ್ಟೇ, ಅಂದರೆ ಅದರ ಮೇಲೆ −9 ವೋಲ್ಟ್ ಕೂತಿರುತ್ತೆ, ಆ ಟ್ಯಾಬನ್ನು ನಿಮ್ಮ ಗ್ರೌಂಡ್ ಆದ ಹೀಟ್‌ಸಿಂಕ್‌ಗೇ ಸ್ಕ್ರೂ ಮಾಡಿದಿರೋ, ಸಪ್ಲೈ ಶಾರ್ಟ್. ಮೈಕಾ ಬೇಕಾಗೋದು ಅಲ್ಲಿ. ಇಷ್ಟು ಕಡಿಮೆ ಕರೆಂಟ್‌ಗೆ ಹೀಟ್‌ಸಿಂಕ್ ಇಲ್ಲದೆ ಸುಮ್ನೆ ಬಿಟ್ಟರೂ ನಡೆಯುತ್ತೆ.

ಲೇಸರ್ ಹಾಕುವ ಮೊದಲು ಅದರ ಜಾಗದಲ್ಲಿ ಮೂರು 1ಎನ್4007 ಮಾಮೂಲಿ ಡಯೋಡ್ ಸಾಲಾಗಿ, ಜೊತೆಗೆ 1 ಓಮ್ ರೆಸಿಸ್ಟರ್ ಹಾಕಿ ನೋಡಿ. ರೆಸಿಸ್ಟರ್ ಮೇಲೆ ಎಷ್ಟು ಮಿಲಿವೋಲ್ಟ್ ಇದೆಯೋ ಅಷ್ಟೇ ಮಿಲಿಆಂಪ್. ಸರಿಯಿದ್ದರೆ ಪವರ್ ತೆಗೆದು, ಕೆಪಾಸಿಟರ್ ಖಾಲಿ ಮಾಡಿ, ಆಮೇಲೆ ಲೇಸರ್ ಬೆಸುಗೆ ಹಾಕಿ. ಪವರ್ ಇರುವಾಗ ತಂತಿ ಬಿಚ್ಚಿ ಮತ್ತೆ ಜೋಡಿಸಿದರೆ ತುಂಬಿಕೊಂಡ ಕೆಪಾಸಿಟರ್ ಒಂದೇ ಸಲ ಡಯೋಡ್‌ಗೆ ಸುರಿಯುತ್ತೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿರುತ್ತೆ. ಈ ಡಯೋಡ್‌ಗಳು ಉಲ್ಟಾ ವೋಲ್ಟೇಜ್ ಸಾಮಾನ್ಯವಾಗಿ 2 ವೋಲ್ಟ್‌ವರೆಗೆ ಮಾತ್ರ ತಡೆಯೋದು, ಹಾಗಾಗಿ ಕಾಲುಗಳ ಹತ್ತಿರವೇ ಒಂದು 1ಎನ್4148 ಡಯೋಡನ್ನು ಲೇಸರ್‌ಗೆ ಅಡ್ಡಲಾಗಿ ಉಲ್ಟಾ ಕೂರಿಸಿ.

ಮೂರನೇ ಕಾಲು ಒಳಗಿನ ಫೋಟೋಡಯೋಡ್‌ದು, ಅಂದರೆ ಬೆಳಕು ಅಳೆಯುವ ಡಯೋಡ್‌ದು. ಅದರ ಕ್ಯಾಥೋಡ್ ಕೂಡ ಬಾಡಿಗೇ ಸೇರಿದ್ದರೆ ಇದೇ ನೆಗೆಟಿವ್‌ನಿಂದ ರೆಸಿಸ್ಟರ್ ಮೂಲಕ ಅದಕ್ಕೆ ಬೇಕಾದ ವೋಲ್ಟೇಜ್ (ಬಯಾಸ್) ಸಿಗುತ್ತೆ. ಪಿನ್ ಜೋಡಣೆ ಒಂದೊಂದು ಮಾಡೆಲ್‌ಗೆ ಒಂದೊಂದು ಥರ, ಡೇಟಾಶೀಟ್‌ನ ಚಿತ್ರ ಇಲ್ಲಿ ಹಾಕಿ, ನೋಡಿ ಹೇಳ್ತೀನಿ. ಅಲ್ಲಿವರೆಗೆ ಆ ಕಾಲು ಬಿಟ್ಟುಬಿಡಿ. ಟೆಸ್ಟ್ ಮಾಡುವಾಗ ಕಿರಣ ಗೋಡೆಗೇ ಬೀಳಲಿ, ಮಕ್ಕಳನ್ನು ಹತ್ತಿರ ಬಿಡಬೇಡಿ.