ಪ್ಲಾನ್ ರೆಡಿ, ಸೈಟು ಮಾತ್ರ ಇಲ್ಲ

ಈ ವಾರದ ಪತ್ರಗಳ ಪೈಕಿ ಒಂದನ್ನು ಓದಿದ ಮೇಲೆ ಉಳಿದವನ್ನೆಲ್ಲ ಪಕ್ಕಕ್ಕೆ ಸರಿಸಿಬಿಟ್ಟೆ. ಮಾತು ಬಿಟ್ಟ ಗೆಳತಿ, ಮೂಗು ತೂರಿಸುವ ನಾದಿನಿ, ಬಡ್ತಿ ಕೊಡದ ಬಾಸು ಎಲ್ಲರೂ ಮುಂದಿನ ವಾರದ ತನಕ ಕಾಯಲಿ.

ಪತ್ರ ಬರೆದಾಕೆ ಹೆಸರು ಹಾಕಬೇಡಿ ಎಂದಿದ್ದಾರೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಮಂಡಿನೋವಿನ ಅತ್ತೆ, ಬಾಡಿಗೆ ಮನೆ. ಮೂರು ವರ್ಷದಿಂದ ಸ್ವಂತ ಮನೆಯ ತಯಾರಿ ನಡೆದಿದೆ. ಪರಿಚಯದ ಎಂಜಿನಿಯರ್ ಹತ್ತಿರ ಪ್ಲಾನ್ ಬರೆಸಿಯಾಗಿದೆ: 36 ಅಡಿ ಅಗಲ, 50 ಅಡಿ ಉದ್ದ, ಎಲ್ಲವೂ ಒಂದೇ ಅಂತಸ್ತಿನಲ್ಲಿ, ಒಟ್ಟು 18 ಚದರ (ಒಂದು ಚದರ ಎಂದರೆ 100 ಚದರಡಿ). ಅಡುಗೆಮನೆಯ ಕಟ್ಟೆಯ ಎತ್ತರ, ವಾರ್ಡ್‌ರೋಬಿನ ಬಾಗಿಲಿನ ಬಣ್ಣ, ಹಾಲಿನ ಟೈಲ್ಸು ಎಲ್ಲ ತೀರ್ಮಾನವಾಗಿವೆ. ಲೆಕ್ಕದ ಹಾಳೆಯೂ ಇದೆ. ಇಲ್ಲದಿರುವುದು ಸೈಟು. ನೋಡಿದವುಗಳಲ್ಲಿ ಕೆಲವು ಪ್ಲಾನಿಗೆ ಸಾಲಲಿಲ್ಲ, ಉಳಿದವು ದುಡ್ಡಿಗೆ ನಿಲುಕಲಿಲ್ಲ. ಈಗ ಯಜಮಾನರು ಸೈಟು ನೋಡಲು ಬರುವುದನ್ನೇ ನಿಲ್ಲಿಸಿದ್ದಾರೆ. ಕೇಳಿದರೆ "ಕೂಸು ಹುಟ್ಟೋ ಮುಂಚೆ ಕುಲಾವಿ" ಎಂದು ಗೊಣಗಿ ಟೀವಿ ಹಾಕುತ್ತಾರಂತೆ. "ಇವರಿಗೆ ಮನೆಯ ಆಸೆಯೇ ಇಲ್ಲ. ನಾನೊಬ್ಬಳೇ ಎಷ್ಟು ಅಂತ ಹೆಣಗಾಡಲಿ? ಇವರನ್ನು ಹೇಗೆ ದಾರಿಗೆ ತರಲಿ?" ಎನ್ನುವುದು ಪ್ರಶ್ನೆ.

ಪ್ರಶ್ನೆಗೆ ಆಮೇಲೆ ಬರೋಣ. ಅಷ್ಟುದ್ದದ ಪತ್ರದ ನಡುವೆ ನೀವು ಒಂದು ಮಾತು ಬರೆದು, ಅದರ ಕಡೆ ತಿರುಗಿಯೂ ನೋಡದೆ ಮುಂದೆ ಹೋಗಿದ್ದೀರಿ. "ಅಣ್ಣ ಮನೆ ಕಟ್ಟಿಸಿದಾಗಿನ ಲೆಕ್ಕದ ಹಾಳೆಯನ್ನೇ ಇಟ್ಟುಕೊಂಡು, ಕೊನೆಗೆ ಸೈಟಿನದೊಂದು ಸಾಲು ಸೇರಿಸಿಕೊಂಡೆ." ಜೊತೆಗಿಟ್ಟಿದ್ದ ನಕಲಿನಲ್ಲಿ ಆ ಸಾಲನ್ನು ಹುಡುಕಿದೆ. ಸಿಮೆಂಟಿನ ಎದುರು ಮೊತ್ತ ಇದೆ, ಕಬ್ಬಿಣದ ಎದುರು ಇದೆ, ಕಿಟಕಿ ಪರದೆಯ ರಾಡಿನ ಎದುರೂ ಇದೆ. ಸೈಟಿನ ಎದುರು ಇರುವುದು ಒಂದೇ ಪದ: "ಉಳಿದದ್ದು."

ನಿಮ್ಮಣ್ಣ ಮನೆ ಕಟ್ಟಿಸಿದ್ದು ಅಪ್ಪನ ಜಾಗದಲ್ಲಿ. ಇದನ್ನೂ ನೀವೇ ಬರೆದಿದ್ದೀರಿ. (ಆ ಜಾಗದಲ್ಲಿ ನಿಮ್ಮ ಪಾಲಿನ ಮಾತೇನಾಯಿತು ಎಂದು ಬರೆದಿಲ್ಲ. ಅದಕ್ಕೆ ಬೇರೆ ಪತ್ರವೇ ಬೇಕು, ಬರೆಯಿರಿ.) ಅಂದರೆ ಜಾಗಕ್ಕೆ ಬಿಡಿಗಾಸು ಕೊಡದ ಮನುಷ್ಯನ ಲೆಕ್ಕದ ಹಾಳೆಯನ್ನು ತಂದು, ಜಾಗವೇ ಇಲ್ಲದ ನೀವು ಮೂರು ವರ್ಷದಿಂದ ತುಂಬುತ್ತಿದ್ದೀರಿ. ಸಾಲದ್ದಕ್ಕೆ ಅವರು ಫೋನಿನಲ್ಲಿ "ಚದರಕ್ಕೆ ಇಷ್ಟು ಅಂತ ಹಿಡ್ಕೋ, ತಲೆ ಕೆಡಿಸ್ಕೋಬೇಡ" ಎಂದೂ ಹೇಳಿದ್ದಾರೆ. ಈ ಅಂಕಣ ಓದುವವರಿಗೆ ಗೊತ್ತು, ಚದರದ ದರ ಹೇಳಿ ಫೋನಿಡುವ ಅಣ್ಣಂದಿರನ್ನು ಕಂಡರೆ ನನಗೆ ಆಗುವುದಿಲ್ಲ. ಆ ದರದಲ್ಲಿ ಕಾಂಪೌಂಡು ಸೇರಿದೆಯೋ? ಸಂಪು, ನೀರು-ಕರೆಂಟಿನ ಕನೆಕ್ಷನ್ನು, ಪ್ಲಾನ್ ಮಂಜೂರಾತಿ ಶುಲ್ಕ, ತಗ್ಗು ತುಂಬಿಸುವ ಮಣ್ಣು? ಅವರು ಹೇಳಲಿಲ್ಲ, ನೀವು ಕೇಳಲಿಲ್ಲ. ಕಟ್ಟಿಸಿ ಎಷ್ಟು ವರ್ಷವಾಯಿತು ಎನ್ನುವುದಂತೂ ಪತ್ರದಲ್ಲೇ ಇಲ್ಲ. ನಿಮ್ಮ ಮನೆಯ ಜಗಳದಲ್ಲಿ ನಿಜವಾದ ತಪ್ಪಿತಸ್ಥರು ಯಾರು ಎಂದು ಕೇಳಿದರೆ, ಯಜಮಾನರಿಗಿಂತ ಮೊದಲು ನಾನು ಬೆರಳು ತೋರಿಸುವುದು ಈ ಅಣ್ಣನ ಕಡೆ.

ಈಗ ಆ "ಉಳಿದದ್ದು" ಮಾಡಿದ ಕೆಲಸ ನೋಡಿ. ಹಾಳೆಗೆ ನೀವು ಒಂದೊಂದು ಸಾಲು ಸೇರಿಸಿದಾಗಲೂ ದುಡ್ಡು ಹೋಗಿದ್ದು ಸೈಟಿನ ಪಾಲಿನಿಂದ. ಮಾಡ್ಯುಲರ್ ಕಿಚನ್ ಬಂತು, ಸೈಟಿನ ಹಣ ಇಳಿಯಿತು. ಫಾಲ್ಸ್ ಸೀಲಿಂಗ್ ಬಂತು, ಇನ್ನಷ್ಟು ಇಳಿಯಿತು. ಇನ್ನೊಂದು ಕಡೆ ಪ್ಲಾನ್ ದೊಡ್ಡದಾಗುತ್ತ ಹೋಯಿತು. ದೊಡ್ಡ ಸೈಟು ಬೇಕು, ಅದಕ್ಕಿರುವ ಹಣ ಮಾತ್ರ ಕಮ್ಮಿ. ನೋಡಿದ ಸೈಟುಗಳೆಲ್ಲ ಯಾಕೆ ಬಿದ್ದುಹೋದವು ಎಂದು ಇನ್ನು ಬೇರೆ ಹೇಳಬೇಕೇ? ಜಾಗದ ರೇಟಿಗೆ ಶಾಪ ಹಾಕಿದ್ದೀರಿ. ರೇಟು ಏರಿರುವುದು ನಿಜವೇ ಇರಬಹುದು, ಆದರೆ ಈ ಹಾಳೆ ಹಿಡಿದು ಹೊರಟವರಿಗೆ ರೇಟು ಇಳಿದಿದ್ದರೂ ಸೈಟು ಸಿಗುತ್ತಿರಲಿಲ್ಲ.

ಅಂಕಿಯಲ್ಲೇ ಹೇಳುತ್ತೇನೆ. ಮನೆಯ ಸುತ್ತ ಎಷ್ಟು ಜಾಗ ಬಿಡಬೇಕು ಎನ್ನುವುದು ಒಂದೊಂದು ಕಡೆ ಒಂದೊಂದು ನಿಯಮ. ಲೆಕ್ಕಕ್ಕೆಂದು ಎರಡು ಪಕ್ಕ 3 ಅಡಿ, ಹಿಂದೆ 3 ಅಡಿ, ಮುಂದೆ 5 ಅಡಿ ಎಂದಿಟ್ಟುಕೊಳ್ಳಿ. ನಿಮ್ಮ 36ಕ್ಕೆ 50ರ ಪ್ಲಾನ್ ಕೂರಬೇಕಾದರೆ ಕನಿಷ್ಠ 42ಕ್ಕೆ 58ರ ಸೈಟು ಬೇಕು, ಅಂದರೆ 2,436 ಚದರಡಿ. ಅದೇ 30ಕ್ಕೆ 40ರ ಸೈಟು 1,200 ಚದರಡಿ, ಅರ್ಧಕ್ಕೂ ಕಡಿಮೆ. ಸುತ್ತ ಅಷ್ಟೇ ಬಿಟ್ಟರೆ ಒಳಗೆ ಸಿಗುವುದು 24ಕ್ಕೆ 32. ಅಂತಸ್ತಿಗೆ 768 ಚದರಡಿ, ಎರಡು ಅಂತಸ್ತು ಎಬ್ಬಿಸಿದರೆ 1,536. ಮೆಟ್ಟಿಲಿಗೆ ಒಂದಿಷ್ಟು ಹೋದರೂ ಅತ್ತೆಗೆ ಕೆಳಗೊಂದು ಕೋಣೆ, ಮೇಲೆ ನಿಮಗೂ ಮಕ್ಕಳಿಗೂ ಕೋಣೆಗಳು ಹೊಂದುತ್ತವೆ. ಇಂಥ ಸೈಟೇ ಕೊಳ್ಳಿ ಎನ್ನುತ್ತಿಲ್ಲ. ಅಂಥ ಒಂದು ಸೈಟಿನ ಮುಂದೆ ನಿಂತು, ಕೈಯಲ್ಲಿದ್ದ ಕಾಗದ ಬಿಡಿಸಿ "ಇಲ್ಲ, ಹಾಲ್ ಕೂರಲ್ಲ" ಎಂದು ನೀವು ವಾಪಸ್ ಬಂದದ್ದನ್ನು ಓದಿ ಹೊಟ್ಟೆ ಉರಿಯಿತು, ಅದಕ್ಕೇ ಹೇಳಿದೆ.

ಕೋಣೆಗಳ ಮಾತು ಬಂತಲ್ಲ, ನನ್ನ ಹಳೆಯ ಪಲ್ಲವಿಯನ್ನೂ ಹಾಡಿಬಿಡುತ್ತೇನೆ: ಗೆಸ್ಟ್ ರೂಮ್ ತೆಗೆದುಹಾಕಿ. 12ಕ್ಕೆ 14ರ ಕೋಣೆ, ಅದಕ್ಕೊಂದು ಬಾತ್‌ರೂಮ್, ಎರಡು ಚದರ ಅಲ್ಲೇ ಹೋಯಿತು. ಬರುವ ನೆಂಟರು ವರ್ಷಕ್ಕೆ ಎಷ್ಟು ರಾತ್ರಿ ಉಳಿಯುತ್ತಾರೆ? ಮಿಕ್ಕ ದಿನ ಅದು ಇಸ್ತ್ರಿಗೆ ಕಾದ ಬಟ್ಟೆಯ ಕೋಣೆ.

ಇನ್ನು ಮಣ್ಣು. ನಿಮ್ಮ ಹಾಳೆಯಲ್ಲಿ ಪಾಯಕ್ಕೆ ಒಂದು ಮೊತ್ತ ನೋಡಿದೆ, ಅಣ್ಣನ ಮನೆಯದ್ದೇ. ಯಾವ ನೆಲದಲ್ಲಿ ಅಗೆಯುತ್ತೀರಿ ಎಂದೇ ಗೊತ್ತಿಲ್ಲದೆ ಪಾಯಕ್ಕೆ ಮೊತ್ತ ಬರೆಯುವುದು ಹೇಗೆ? ಗಟ್ಟಿ ನೆಲವಾದರೆ ನಾಲ್ಕೈದು ಅಡಿಗೆ ಪಾಯ ನಿಲ್ಲಬಹುದು. ಎರೆಮಣ್ಣಾದರೆ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ, ಮೇಲಿನ ಗೋಡೆಯನ್ನೂ ಬಿರಿಸುತ್ತದೆ. ಅಲ್ಲಿ ಪಾಯ ಇನ್ನೂ ಆಳಕ್ಕೆ ಇಳಿಯಬೇಕು, ಇಲ್ಲವೇ ನೆಲದಾಳಕ್ಕೆ ಇಳಿಯುವ ಕಾಂಕ್ರೀಟ್ ಕಂಬ, ಅಂದರೆ ಪೈಲ್ ಹಾಕಬೇಕು, ಇಲ್ಲವೇ ಇಡೀ ಮನೆಯಡಿಗೆ ಕಾಂಕ್ರೀಟಿನ ಒಂದೇ ಹಾಸು, ಅಂದರೆ ರಾಫ್ಟ್ ಹಾಸಬೇಕು. ಬಂಡೆ ಸಿಕ್ಕರೆ ಒಡೆಸುವ ಖರ್ಚು ಬೇರೆ. ಸೈಟು ರಸ್ತೆಗಿಂತ 3 ಅಡಿ ತಗ್ಗಿದ್ದರೆ, 30ಕ್ಕೆ 40ರ ಜಾಗವನ್ನು ರಸ್ತೆಯ ಮಟ್ಟಕ್ಕೆ ತರಲು 3,600 ಘನ ಅಡಿ ಮಣ್ಣು ಬೇಕು. ಅದೂ ದಮ್ಮಸು ಮಾಡಿದ ಮೇಲಿನ ಲೆಕ್ಕ. ಲಾರಿಯಲ್ಲಿ ಸಡಿಲವಾಗಿ ಬರುವ ಮಣ್ಣು ಇನ್ನೂ ಹೆಚ್ಚೇ ಹಿಡಿಯುತ್ತದೆ. ಅಗ್ಗಕ್ಕೆ ಸಿಕ್ಕಿತು ಎಂದು ಕೊಂಡ ಸೈಟು ಹೀಗೆ ಪಾಯದಲ್ಲಿ ದುಬಾರಿಯಾಗುವುದುಂಟು, ದುಬಾರಿ ಎಂದು ಬಿಟ್ಟದ್ದು ಅಗ್ಗ ಬೀಳುತ್ತಿತ್ತು ಎಂದು ಆಮೇಲೆ ಹೊಳೆಯುವುದೂ ಉಂಟು. ಹಾಗಾಗಿ ಸೈಟಿನ ಬೆಲೆ ಎಂದರೆ ಮಾರುವವರು ಹೇಳಿದ ಬೆಲೆ ಮಾತ್ರವಲ್ಲ. ನೋಂದಣಿ ಖರ್ಚು, ಕಾಗದಪತ್ರ ನೋಡುವ ವಕೀಲರ ಫೀಸು, ಮಣ್ಣಿನ ಪರೀಕ್ಷೆ, ತುಂಬಿಸುವುದು, ನೆಲ ಕೇಳುವ ಹೆಚ್ಚಿನ ಪಾಯ ಎಲ್ಲವೂ ಆ ಒಂದೇ ಸಾಲಿನಲ್ಲಿ ಬರಬೇಕು. ಪಕ್ಕದ ಸೈಟಿನಲ್ಲಿ ಯಾರಾದರೂ ಕಟ್ಟಿಸುತ್ತಿದ್ದರೆ, ಮೇಸ್ತ್ರಿಯನ್ನು ಪಾಯ ಎಷ್ಟು ಅಡಿಗೆ ಹೋಯಿತು ಎಂದು ಕೇಳಿ. ಬ್ರೋಕರ್ ಹೇಳದ ಎಷ್ಟೋ ವಿಷಯ ಅವರ ಬಾಯಲ್ಲಿ ಬರುತ್ತದೆ.

ಈಗ ಯಜಮಾನರ ವಿಷಯ. ಅವರಿಗೆ ಆಸೆಯಿಲ್ಲ ಎಂದಿರಿ. ಸಾಲದ ಅರ್ಜಿಗೆ ಸಹಿ ಹಾಕಬೇಕಾದವರು ಅವರು ಎಂದೂ ಬರೆದಿದ್ದೀರಿ. ಕಟ್ಟಡದ ಸಾಲವನ್ನು ಬ್ಯಾಂಕು ಒಂದೇ ಸಲ ಕೈಗಿಡುವುದಿಲ್ಲ. ಪಾಯ, ಲಿಂಟಲ್, ತಾರಸಿ ಎಂದು ಕೆಲಸ ಏಳುತ್ತ ಹೋದಂತೆ ಕಂತುಕಂತಾಗಿ ಬಿಡುತ್ತದೆ. ಸೈಟಿಗೆ ಬೇರೆ ಸಾಲ ಸಿಕ್ಕರೂ ಕೈಯಿಂದ ಹಾಕಬೇಕಾದ ಪಾಲು ದೊಡ್ಡದು. ಕಟ್ಟುವಷ್ಟು ಕಾಲ ಇಲ್ಲಿ ಬಾಡಿಗೆ, ಅಲ್ಲಿ ಬಡ್ಡಿ ಎರಡನ್ನೂ ಕಟ್ಟಬೇಕು. ಇದೆಲ್ಲ ಅವರ ತಲೆಯಲ್ಲಿ ಓಡುತ್ತಿದೆ ಎನ್ನುವುದು ನನ್ನ ಊಹೆ. ಪರದೆಯ ರಾಡಿನ ಸಾಲು ನೋಡಿದಾಗೆಲ್ಲ ಅವರಿಗೆ ಎದೆ ಧಸಕ್ ಎಂದಿರಬೇಕು. ಹಾಗೆಂದು ಅವರನ್ನು ಪೂರ್ತಿ ಬಿಟ್ಟುಬಿಡುವುದಿಲ್ಲ. ಹೆಂಡತಿ ಮೂರು ವರ್ಷ ಲೆಕ್ಕ ಬರೆಯುವಾಗ ಪಕ್ಕದಲ್ಲಿ ಕೂತು "ಈ ಸಾಲು ತಪ್ಪು" ಎನ್ನಲಾಗದವರು ಗಾದೆ ಹೇಳಿದರೆ ಏನು ಬಂತು? ಆ ಗಾದೆಯನ್ನೂ ನಾನು ಒಪ್ಪುವುದಿಲ್ಲ. ಮೊದಲೇ ಯೋಜನೆ ಮಾಡುವುದು ಒಳ್ಳೆಯದೇ. ಮನೆಯಲ್ಲಿ ಎಷ್ಟು ಜನ, ಎಷ್ಟು ಕೋಣೆ ಬೇಕೇಬೇಕು, ಅತ್ತೆ ಮೆಟ್ಟಿಲು ಹತ್ತಬಾರದು, ಮಕ್ಕಳ ಶಾಲೆ ಎಷ್ಟು ದೂರ ಇರಬಹುದು, ತಿಂಗಳಿಗೆ ಎಷ್ಟು ಕಂತು ಕಟ್ಟಬಲ್ಲಿರಿ, ಇವೆಲ್ಲ ಸೈಟಿಗೆ ಮೊದಲೇ ತೀರ್ಮಾನವಾಗಬೇಕು. ಗೋಡೆ ಎಲ್ಲಿ, ಬಾಗಿಲು ಎಲ್ಲಿ ಎನ್ನುವುದನ್ನು ಮಾತ್ರ ಸೈಟು ಸಿಗುವ ತನಕ ಮುಟ್ಟಬೇಡಿ. ರಸ್ತೆ ಯಾವ ಕಡೆ, ಬಿಸಿಲು ಯಾವ ಕಡೆ, ನೀರು ಯಾವ ಕಡೆ ಹರಿಯುತ್ತದೆ ಎಂದು ಕಂಡಮೇಲೆ ಬರೆಸಬೇಕಾದದ್ದು ಅದು.

ಆದ್ದರಿಂದ, ಅಮ್ಮಾ, ಯಜಮಾನರನ್ನು ದಾರಿಗೆ ತರುವುದಕ್ಕೆ ಹತ್ತು ಉಪಾಯ ಹೇಳುವುದಿಲ್ಲ. ಒಂದೇ ಕೆಲಸ. ಅಣ್ಣನ ಹಾಳೆಯನ್ನು ಎತ್ತಿಟ್ಟು ಹೊಸ ಹಾಳೆ ತೆಗೆಯಿರಿ, ಇಬ್ಬರೂ ಕೂತು ಬರೆಯಿರಿ. ಮೇಲೆ ಒಟ್ಟು ಹಣ: ಕೈಯಲ್ಲಿರುವುದು, ಬ್ಯಾಂಕು ನಿಜವಾಗಿ ಕೊಡುವುದು. ಅದರಲ್ಲಿ ಆರು ತಿಂಗಳ ಮನೆಖರ್ಚು, ಅತ್ತೆಯ ಔಷಧಿಯ ಹಣ, ಬಾಡಿಗೆ-ಬಡ್ಡಿ ಒಟ್ಟಿಗೆ ಬೀಳುವ ಕಾಲದ ಹಣ ಮೊದಲೇ ಕಳೆಯಿರಿ. ಕಟ್ಟಡದ ವೆಚ್ಚದ ಶೇ 10ರಿಂದ 15ರಷ್ಟನ್ನು ಅನಿರೀಕ್ಷಿತಕ್ಕೆಂದು ಇಡಿ. ಮಿಕ್ಕಿದ್ದರಲ್ಲಿ ಎರಡೇ ಸಾಲು: ಸೈಟು, ಮತ್ತು ಒಳಗೆ ಹೋಗಿ ವಾಸ ಮಾಡಬಹುದಾದಷ್ಟು ಬರೀ ಮನೆ. ಎರಡರ ಎದುರೂ ಅಂಕಿ ಇರಲಿ. "ಉಳಿದದ್ದು" ಎನ್ನುವ ಪದವನ್ನು ವಾರ್ಡ್‌ರೋಬು, ಫಾಲ್ಸ್ ಸೀಲಿಂಗ್, ಪರದೆಯ ರಾಡಿನ ಎದುರು ಬರೆಯಿರಿ. ಸೈಟಿನ ಅಂಕಿ ಬರೆದಾಗುವ ತನಕ ಇನ್ನೊಂದು ಸೈಟು ನೋಡಲು ಹೋಗಕೂಡದು.

ಕೊನೆಗೆ ಒಂದು ಉಪಪ್ರಶ್ನೆ ಕೇಳಿದ್ದೀರಿ: ಟೈಲ್ಸ್ ಅಂಗಡಿಯಲ್ಲಿ ತಿಂಗಳ ಕೊನೆಯ ತನಕ ರಿಯಾಯಿತಿ ಇದೆ, ಈಗಲೇ ಕೊಂಡಿಟ್ಟರೆ ಹೇಗೆ ಎಂದು. ಬೇಡ. ಎಷ್ಟು ಬೇಕೆಂದು ನೆಲದ ಅಳತೆ ಸಿಗದೆ ಗೊತ್ತಾಗದು. ಕತ್ತರಿಸುವಾಗ ಹಾಳಾಗುವುದಕ್ಕೆಂದೇ ಶೇ 5ರಿಂದ 10 ಹೆಚ್ಚು ತರಬೇಕು. ಆಮೇಲೆ ಸಾಲದೆ ಬಂದರೆ ಬೇರೆ ಬ್ಯಾಚಿನ ಟೈಲ್ಸಿನ ಬಣ್ಣ ಒಂದು ಛಾಯೆಯಾದರೂ ಬೇರೆಯಾಗಿರುತ್ತದೆ. ಅದೂ ಅಲ್ಲದೆ, ಬಾಡಿಗೆ ಮನೆಯಲ್ಲಿ ಅಷ್ಟು ಪೆಟ್ಟಿಗೆ ಎಲ್ಲಿಡುತ್ತೀರಿ?