ತೋಟಕ್ಕೆ ಬರುವ ಹೆಣ್ಣಾಳುಗಳಿಗೆ ಕಬ್ಬಿಣಾಂಶದ ಮಾತ್ರೆ ಕೊಡಬಹುದೇ?

ಚನ್ನಗಿರಿ ಕಡೆಯ ನಿಮ್ಮ ಅಡಿಕೆ ತೋಟಕ್ಕೆ ಬರುವ ಹನ್ನೆರಡು ಹೆಂಗಸರು ಮಧ್ಯಾಹ್ನಕ್ಕೇ ತಲೆ ಸುತ್ತಿ ಕೂರುತ್ತಾರೆ, ಔಷಧಿ ಅಂಗಡಿಯಿಂದ ಶಕ್ತಿಯ ಮಾತ್ರೆ ತಂದು ಕೊಡಲೇ ಎಂದು ಕೇಳಿದ್ದೀರಿ. ಕೊಡಬಹುದು, ಆದರೆ ದುಡ್ಡು ಖರ್ಚು ಮಾಡುವ ಮೊದಲು ಊರಿನ ಆಶಾ ಕಾರ್ಯಕರ್ತೆಯನ್ನು ಕಾಣಿ. 20ರಿಂದ 49 ವರ್ಷದ ಹೆಂಗಸರಿಗೆ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆಯನ್ನು ವಾರಕ್ಕೊಂದರಂತೆ ಪುಕ್ಕಟೆಯಾಗಿ ಕೊಡುವ ಸರ್ಕಾರಿ ಕಾರ್ಯಕ್ರಮ 2018ರಿಂದಲೇ ಇದೆ.

ಹರಿಹರ ತಾಲ್ಲೂಕಿನ ಭದ್ರಾ ನಾಲೆಯ ಊರುಗಳಲ್ಲಿ ನಾನು ಇಪ್ಪತ್ತಾರು ವರ್ಷ ಆರೋಗ್ಯ ಸಹಾಯಕಿಯಾಗಿದ್ದೆ. ನಾಟಿಯ ಕಾಲದಲ್ಲಿ ಕೆಸರುಗದ್ದೆಯಲ್ಲಿ ಬಗ್ಗಿದವರು ಎದ್ದು ನಿಲ್ಲಲಾರದೆ ಬದುವಿಗೆ ಒರಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ನಿಮ್ಮ ಹನ್ನೆರಡು ಜನರಲ್ಲಿ ಆರು ಜನರಿಗೆ ಇದ್ದರೆ ನನಗೆ ಅಚ್ಚರಿಯಿಲ್ಲ.

ಮೊದಲು ಹಿಮೋಗ್ಲೋಬಿನ್ ನೋಡಿಸಿ. ಬಸುರಿಯಲ್ಲದ ಹೆಂಗಸಿಗೆ ಅದು ಡೆಸಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಅಂಥವರಿಗೆ ವಾರದ ಮಾತ್ರೆ ಸಾಲದು, ಪ್ರಮಾಣವನ್ನು ವೈದ್ಯರೇ ಹೇಳಬೇಕು. 8ಕ್ಕಿಂತ ಕೆಳಗಿದ್ದವರನ್ನು ಅಂದೇ ಆಸ್ಪತ್ರೆಗೆ ಕಳಿಸಿ, ಆ ದಿನದ ಕೂಲಿಯನ್ನು ಹಿಡಿಯಬೇಡಿ. ಯಾರ ಸಂಖ್ಯೆಯನ್ನೂ ಎಲ್ಲರೆದುರು ಓದಬೇಡಿ. ಬಸುರಿಯರಿಗೆ ದಿನಕ್ಕೊಂದು ಮಾತ್ರೆಯ ಲೆಕ್ಕ ಬೇರೆಯೇ ಇದೆ, ಅದನ್ನು ಆಶಾ ನೋಡಿಕೊಳ್ಳುತ್ತಾರೆ.

ಇನ್ನು ನಾನು ತಡವಾಗಿ ಕಲಿತ ವಿಷಯ. ಮೊದಲ ವರ್ಷಗಳಲ್ಲಿ ಮಾತ್ರೆ ಹಂಚಿ ವಹಿಯಲ್ಲಿ ಬರೆದುಕೊಂಡು ಬರುತ್ತಿದ್ದೆ. ಒಮ್ಮೆ ಒಬ್ಬರ ಮನೆಯ ಗೋಡೆಯ ಗೂಡಿನಲ್ಲಿ ಎರಡು ತಿಂಗಳ ಮಾತ್ರೆಗಳು ಹಾಗೇ ಇದ್ದವು. ಕೇಳಿದರೆ, "ಎರಡು ನುಂಗಿದೆ ನರ್ಸಮ್ಮ, ಮಲ ಕಪ್ಪಗಾಯಿತು. ಹೊಟ್ಟೆಯೊಳಗೆ ಏನೋ ಸುಟ್ಟಿತೆಂದು ಹೆದರಿ ಬಿಟ್ಟೆ" ಎಂದರು. ಕಬ್ಬಿಣಾಂಶದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜವೆಂದು ನಾನು ಮೊದಲೇ ಹೇಳಿರಲಿಲ್ಲ. ಅಂದಿನಿಂದ ಮೊದಲು ಆ ಮಾತು, ಆಮೇಲೆ ಮಾತ್ರೆ. ಬೆಳಗ್ಗೆ ಬರೀ ಚಹಾ ಕುಡಿದು ಬಂದವರು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುತ್ತದೆ. ಮರುವಾರ ಮಾತ್ರೆ ಸೆರಗಿನ ಗಂಟಿಗೆ ಸೇರುತ್ತದೆ.

ಹಾಗಾಗಿ ವಾರದಲ್ಲಿ ಒಂದು ದಿನ ಗೊತ್ತು ಮಾಡಿ, ಮಧ್ಯಾಹ್ನದ ಬುತ್ತಿ ಮುಗಿದ ಮೇಲೆ ಒಟ್ಟಿಗೆ ನುಂಗಲಿ. ಒಲ್ಲೆನೆಂದವರನ್ನು ಒತ್ತಾಯಿಸಬೇಡಿ. ಅಂದು ಚಹಾವನ್ನು ಎರಡು ಗಂಟೆ ತಡವಾಗಿ ಕೊಡಿ, ಚಹಾದ ಒಗರು ಕಬ್ಬಿಣಾಂಶವನ್ನು ದೇಹಕ್ಕೆ ಸೇರಗೊಡುವುದಿಲ್ಲ. ಬದಲಿಗೆ ನಿಂಬೆ ಪಾನಕ ಮಾಡಿಸಿ, ಅದರ ಹುಳಿ ನೆರವಾಗುತ್ತದೆ. ನಿಮ್ಮ ಕೈಯಿಂದ ಒಂದು ಊಟ ಸೇರಿಸುವುದಾದರೆ ಮೊಳಕೆ ಹುರುಳಿಯ ಸಾರು, ನುಗ್ಗೆಸೊಪ್ಪಿನ ಪಲ್ಯ ಇರಲಿ. ಬಹುಜೀವಸತ್ವದ ದುಬಾರಿ ಡಬ್ಬಿಗಿಂತ ಅದೇ ಮೇಲೆಂಬುದು ನನ್ನ ಅಭಿಪ್ರಾಯ.

ತೋಟದ ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆಯುವವರಿಗೆ ಕೊಕ್ಕೆಹುಳು ಅಂಟಬಹುದು, ಅದು ಕರುಳಲ್ಲಿ ಕೂತು ರಕ್ತ ಹೀರುತ್ತದೆ. ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಜಂತುಹುಳುವಿನ ಮಾತ್ರೆ ಮುಖ್ಯವಾಗಿ 19 ವರ್ಷದವರೆಗಿನವರಿಗೆ, ಆದ್ದರಿಂದ ದೊಡ್ಡವರಿಗೆ ಬೇಕೇ ಎಂದು ವೈದ್ಯರನ್ನು ನೀವೇ ಕೇಳಬೇಕು. ಗಂಡಾಳುಗಳು ಈ ವಾರಕ್ಕೊಂದು ಮಾತ್ರೆಯ ಕಾರ್ಯಕ್ರಮದಲ್ಲಿಲ್ಲ, ಅವರ ರಕ್ತವನ್ನೂ ಪರೀಕ್ಷೆ ಮಾಡಿಸಿ. ಉಳಿದ ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಮಿಠಾಯಿಯೆಂದು ನಾಲ್ಕಾರು ನುಂಗಿದರೆ ಮಗುವಿನ ಜೀವಕ್ಕೇ ಕುತ್ತು.